ಹಂಗಿಲ್ಲದ ಪೀಠ: ಅಮೆರಿಕದಲ್ಲಿ ಶೈಕ್ಷಣಿಕ ಸ್ವಾತಂತ್ರ್ಯ ನಡೆದು ಬಂದ ದಾರಿ

ಈ ದೇಶಕ್ಕೆ ವಲಸೆ ಬಂದ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ವೈದ್ಯರನ್ನಾಗಲಿ, ಎಂಜಿನಿಯರುಗಳನ್ನಾಗಲಿ, ಗಣಕ ತಂತ್ರಜ್ಞರನ್ನಾಗಲಿ ಮರೆಯುವುದಿಲ್ಲ. ಅವರ ಸಾಲಿನಲ್ಲಿಯೇ ನಿಂತಿರುವ, ಆದರೆ ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ವರ್ಗವಿದೆ, ಅದು ಅಧ್ಯಾಪಕರದು. ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳಿಂದ ಹಿಡಿದು ಸಣ್ಣ ಊರುಗಳ ಕಾಲೇಜುಗಳವರೆಗೆ ನಮ್ಮವರು ಪಾಠ ಹೇಳುತ್ತಿದ್ದಾರೆ. ಸಿವಿಲ್ ಎಂಜಿನಿಯರಿಂಗ್ ಬೋಧಿಸುತ್ತ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದು ಈಗ ನಿವೃತ್ತನಾಗಿರುವ ನಾನೂ ಆ ವರ್ಗಕ್ಕೆ ಸೇರಿದವನು.

ನಾವು ಯಾವ ಮರದ ನೆರಳಿನಲ್ಲಿ ಕುಳಿತು ಪಾಠ ಹೇಳಿದೆವೋ ಆ ಮರವನ್ನು ನೆಟ್ಟವರು ಯಾರು, ನೀರೆರೆದವರು ಯಾರು ಎಂಬುದನ್ನು ನಮ್ಮಲ್ಲಿ ಬಹುಮಂದಿ ವಿಚಾರಿಸಿದಂತಿಲ್ಲ. ಕನ್ನಡದಲ್ಲಿ ‘ಹಂಗು’ ಎಂಬ ಅರ್ಥವತ್ತಾದ ಮಾತೊಂದಿದೆ. ಕೊಟ್ಟವನ ಮುಂದೆ ಪಡೆದವನ ನಾಲಗೆ ಕಟ್ಟಿಹೋಗುವ ಸ್ಥಿತಿಯೇ ಹಂಗು. ಸಂಬಳ ಕೊಡುವವರ ಹಂಗಿಗೆ ಒಳಗಾಗದೆ, ತಾನು ತಿಳಿದದ್ದನ್ನು ತಿಳಿದ ಹಾಗೆ ಹೇಳುವ ಅಧ್ಯಾಪಕನ ಹಕ್ಕಿಗೆ ಶೈಕ್ಷಣಿಕ ಸ್ವಾತಂತ್ರ್ಯವೆಂದು ಹೆಸರು. ಅದು ಈ ದೇಶದಲ್ಲಿ ತಾನಾಗಿ ಬೆಳೆದದ್ದಲ್ಲ. ಅದರ ಮೊದಲ ಅಧ್ಯಾಯದಲ್ಲಿ ಏಷ್ಯಾದವರಾದ ನಮ್ಮ ಪ್ರಸ್ತಾಪವೂ ಬರುತ್ತದೆ, ಅದೂ ಅಷ್ಟೇನೂ ಹಿತವಲ್ಲದ ರೀತಿಯಲ್ಲಿ.

ದಾನಿಯ ಹಕ್ಕು, ಗುರುವಿನ ಹಕ್ಕು

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ಪುತ್ರಶೋಕದಿಂದ ಹುಟ್ಟಿದ ಸಂಸ್ಥೆ. ಸೆಂಟ್ರಲ್ ಪೆಸಿಫಿಕ್ ರೈಲುಮಾರ್ಗದ ಒಡೆಯರಲ್ಲಿ ಒಬ್ಬರಾಗಿದ್ದ ಲೀಲಂಡ್ ಸ್ಟ್ಯಾನ್‌ಫರ್ಡ್ ಹಾಗೂ ಅವರ ಪತ್ನಿ ಜೇನ್ ತಮ್ಮ ಒಬ್ಬನೇ ಮಗನನ್ನು 1884ರಲ್ಲಿ, ಅವನ 15ನೆಯ ವಯಸ್ಸಿನಲ್ಲಿ ಕಳೆದುಕೊಂಡರು. ಅವನ ನೆನಪಿಗಾಗಿ ಅವರು ಕಟ್ಟಿಸಿದ ವಿಶ್ವವಿದ್ಯಾಲಯ 1891ರಲ್ಲಿ ತೆರೆಯಿತು. 1893ರಲ್ಲಿ ಪತಿ ತೀರಿಕೊಂಡು ಆಸ್ತಿಯೆಲ್ಲ ನ್ಯಾಯಾಲಯದ ವ್ಯವಹಾರದಲ್ಲಿ ಸಿಕ್ಕಿಬಿದ್ದಾಗ ಜೇನ್ ಸ್ಟ್ಯಾನ್‌ಫರ್ಡ್ ತಮ್ಮ ಮನೆಖರ್ಚಿಗೆಂದು ಮಂಜೂರಾಗುತ್ತಿದ್ದ ಹಣದಿಂದ ಪ್ರಾಧ್ಯಾಪಕರ ಸಂಬಳ ಕೊಟ್ಟು ಸಂಸ್ಥೆಯನ್ನು ಉಳಿಸಿದರು. ಆದುದರಿಂದ ಮುಂದಿನ ಘಟನೆಯಲ್ಲಿ ಆಕೆಯನ್ನು ಬರಿಯ ದುಷ್ಟ ಪಾತ್ರವಾಗಿ ಕಾಣುವುದು ನ್ಯಾಯವಾಗದು. ತಾನು ಕಟ್ಟಿದ, ತಾನು ಉಳಿಸಿದ ಸಂಸ್ಥೆಯಲ್ಲಿ ತನಗೆ ಸಮ್ಮತವಲ್ಲದ ಮಾತು ಕೇಳಿಬರಬಾರದೆಂದು ಆಕೆ ಭಾವಿಸಿದರು. ದಾನಿಗಳಲ್ಲಿ ಇದು ಸಹಜವಾದ ಭಾವನೆಯೇ.

ಎಡ್ವರ್ಡ್ ರಾಸ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿ ಪ್ರಾಧ್ಯಾಪಕರಾಗಿದ್ದರು. ನಗರದ ಸಾರಿಗೆ, ವಿದ್ಯುತ್ತು ಮೊದಲಾದವು ಸಾರ್ವಜನಿಕ ಒಡೆತನದಲ್ಲಿರಬೇಕೆಂದು ಅವರು ವಾದಿಸುತ್ತಿದ್ದರು. ರೈಲುಮಾರ್ಗದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಇದು ಕಿವಿಗೆ ಇಂಪಾದ ಮಾತಲ್ಲ. 1900ರ ಮೇ ತಿಂಗಳಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಮಿಕರ ಸಭೆಯೊಂದರಲ್ಲಿ ಮಾತನಾಡಿ, ಜಪಾನಿನಿಂದ ಬರುವ ಕೂಲಿಕಾರರನ್ನು ಈ ದೇಶದೊಳಗೆ ಬಿಡಬಾರದೆಂದು ಪ್ರತಿಪಾದಿಸಿದರು. ಆ ರೈಲುಮಾರ್ಗವನ್ನು ಕಟ್ಟಿದ್ದು ಬಹುಮಟ್ಟಿಗೆ ಚೀನೀ ಕೂಲಿಗಳ ಬೆವರು. ಭಾಷಣದ ವರದಿ ತಲುಪಿದಾಗ ಜೇನ್ ಸ್ಟ್ಯಾನ್‌ಫರ್ಡ್ ಕೋಪಗೊಂಡರು. ಜನಾಂಗದ್ವೇಷವನ್ನು ಕೆರಳಿಸುವವರು ತಮ್ಮ ಸಂಸ್ಥೆಯಲ್ಲಿರಬಾರದೆಂದು ಕುಲಪತಿ ಡೇವಿಡ್ ಸ್ಟಾರ್ ಜಾರ್ಡನ್ ಅವರ ಮೇಲೆ ಒತ್ತಡ ತಂದರು. ನವೆಂಬರಿನಲ್ಲಿ ರಾಸ್ ಹೊರಬೀಳಬೇಕಾಯಿತು. ತರಗತಿಯಲ್ಲಿ ಇದನ್ನು ಖಂಡಿಸಿದ ಚರಿತ್ರೆಯ ಪ್ರಾಧ್ಯಾಪಕ ಜಾರ್ಜ್ ಹೋವರ್ಡ್ ಅವರೂ ರಾಜೀನಾಮೆ ಕೊಡಬೇಕಾಯಿತು. ಇನ್ನೂ ಕೆಲವರು ತಾವಾಗಿ ಹೊರನಡೆದರು. ಅವರಲ್ಲಿ ಆರ್ಥರ್ ಲವ್‌ಜಾಯ್ ಎಂಬ ತರುಣ ತತ್ತ್ವಶಾಸ್ತ್ರಜ್ಞರೂ ಒಬ್ಬರು.

ಏಷ್ಯಾದ ವಲಸೆಗಾರನಾಗಿ ಈ ಪ್ರಸಂಗವನ್ನು ಓದುವಾಗ ನನ್ನ ಮನಸ್ಸು ಇಬ್ಬಂದಿಗೆ ಸಿಲುಕುತ್ತದೆ. ರಾಸ್ ಹೇಳಿದ್ದು ನಮ್ಮಂಥವರು ಇಲ್ಲಿಗೆ ಬರಕೂಡದೆಂದು. ಅಂಥ ಅಭಿಪ್ರಾಯಗಳೇ ಮುಂದೆ ಕಾನೂನಿನ ರೂಪ ತಾಳಿದವು. 1917ರ ಶಾಸನ ಭಾರತೀಯರ ವಲಸೆಗೆ ಬಾಗಿಲು ಹಾಕಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಭಾರತೀಯರಿಗೆ ಪೌರತ್ವದ ಅರ್ಹತೆಯಿಲ್ಲವೆಂದಿತು. 1946ರವರೆಗೆ ಆ ಸ್ಥಿತಿ ಬದಲಾಗಲಿಲ್ಲ. ಹೀಗಿದ್ದರೂ ರಾಸ್ ಅವರನ್ನು ಹೊರಹಾಕಿದ ಕ್ರಮವೇ ಅಮೆರಿಕದ ಅಧ್ಯಾಪಕ ಸಮುದಾಯವನ್ನು ಎಚ್ಚರಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ವಿನ್ ಸೆಲಿಗ್ಮನ್ ಅವರ ನೇತೃತ್ವದಲ್ಲಿ ಅರ್ಥಶಾಸ್ತ್ರಜ್ಞರ ಸಮಿತಿಯೊಂದು ತಾನಾಗಿ ವಿಚಾರಣೆ ನಡೆಸಿತು. ಅಧ್ಯಾಪಕನ ಮಾತು ಸರಿಯೇ ತಪ್ಪೇ ಎಂಬುದು ಒಂದು ಪ್ರಶ್ನೆ. ಅದನ್ನು ನಿರ್ಣಯಿಸಬೇಕಾದವರು ಹಣ ಕೊಟ್ಟವರೇ ಎಂಬುದು ಬೇರೊಂದು ಪ್ರಶ್ನೆ. ಈ ಎರಡನ್ನೂ ಬಿಡಿಸಿ ನೋಡಬೇಕೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

ಕೇರುವ ಕೆಲಸ

ರಾಸ್ ಮುಂದೆ ನೆಬ್ರಾಸ್ಕಕ್ಕೆ ಹೋಗಿ, 1906ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಆಗಲೇ ಒಂದು ಪರಂಪರೆ ಇತ್ತು. 1894ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ ಮುಷ್ಕರಗಳಿಗೂ ಸಮಾಜವಾದಕ್ಕೂ ಬೆಂಬಲ ಕೊಡುತ್ತಾರೆಂಬ ಆರೋಪ ಬಂದಾಗ, ಆಡಳಿತ ಮಂಡಲಿ ವಿಚಾರಣೆ ನಡೆಸಿ ಅವರನ್ನು ನಿರ್ದೋಷಿಯೆಂದು ಸಾರಿತ್ತು. ಸತ್ಯವನ್ನು ಕಂಡುಕೊಳ್ಳುವ ಏಕೈಕ ಮಾರ್ಗ ಜರಡಿಯಾಡುವುದು, ತೂರುವುದು. ಆ ಕೆಲಸಕ್ಕೆ ಅಡ್ಡಿಯಾಗಬಾರದು ಎಂಬುದು ಅವರ ನಿರ್ಣಯದ ತಾತ್ಪರ್ಯ. ಸುಗ್ಗಿಯ ಕಣವನ್ನು ಕಂಡ ನಮ್ಮವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಮೊರವನ್ನು ಕಸಿದುಕೊಂಡರೆ ಜೊಳ್ಳೂ ಕಾಳೂ ಒಂದೇ ರಾಶಿಯಲ್ಲಿ ಉಳಿಯುತ್ತವೆ.

1910ರಲ್ಲಿ ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಅವರ ಉಪನ್ಯಾಸವಿದೆಯೆಂದು ತರಗತಿಯಲ್ಲಿ ತಿಳಿಸಿದ್ದಕ್ಕಾಗಿ ಅದೇ ವಿಶ್ವವಿದ್ಯಾಲಯದ ಆಡಳಿತ ಮಂಡಲಿ ರಾಸ್ ಅವರಿಗೆ ಛೀಮಾರಿ ಹಾಕಿತು. ಆ ವರ್ಷ ಪದವಿ ಪಡೆದ ವಿದ್ಯಾರ್ಥಿಗಳು 1894ರ ಮಾತುಗಳನ್ನು ಕಂಚಿನ ಫಲಕದಲ್ಲಿ ಎರಕಹೊಯ್ಯಿಸಿ ಕಾಣಿಕೆಯಾಗಿ ಕೊಟ್ಟರು. ಮಂಡಲಿ ಮೊದಲು ಅದನ್ನು ಒಪ್ಪಿಕೊಳ್ಳಲಿಲ್ಲ. ಕೊನೆಗೆ 1915ರಲ್ಲಿ ಅದು ಬ್ಯಾಸ್ಕಮ್ ಹಾಲ್ ಕಟ್ಟಡದಲ್ಲಿ ಸ್ಥಾಪಿತವಾಯಿತು. ಹಳೆಯ ಧೀರ ನಿರ್ಣಯವನ್ನು ಅದೇ ಸಂಸ್ಥೆಗೆ ನೆನಪಿಸಲು ವಿದ್ಯಾರ್ಥಿಗಳು ಬೇಕಾದರು.

1915: ಪ್ರಾಧ್ಯಾಪಕರ ಸಂಘ

ಅದೇ 1915ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಹುಟ್ಟಿತು. ಎಎಯುಪಿ ಎಂಬ ನಾಲ್ಕಕ್ಷರದಿಂದ ಅದು ಪ್ರಸಿದ್ಧವಾಗಿದೆ. ಕೊಲಂಬಿಯಾದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅದರ ಮೊದಲ ಅಧ್ಯಕ್ಷರು. ಸ್ಟ್ಯಾನ್‌ಫರ್ಡ್‌ನಿಂದ ಹೊರನಡೆದಿದ್ದ ಲವ್‌ಜಾಯ್ ಕಾರ್ಯದರ್ಶಿ. ತತ್ತ್ವಘೋಷಣೆಯನ್ನು ಸಿದ್ಧಪಡಿಸಿದ ಸಮಿತಿಗೆ ಸೆಲಿಗ್ಮನ್ ಅಧ್ಯಕ್ಷರು. ಇದೇ ವರ್ಷಗಳಲ್ಲಿ, 1913ರಿಂದ 1916ರವರೆಗೆ, ಡ್ಯೂಯಿ ಮತ್ತು ಸೆಲಿಗ್ಮನ್ ಇಬ್ಬರ ತರಗತಿಗಳಲ್ಲಿಯೂ ಕುಳಿತಿದ್ದ ಭಾರತೀಯ ವಿದ್ಯಾರ್ಥಿ ಡಾ. ಬಿ. ಆರ್. ಅಂಬೇಡ್ಕರ್ ಎಂಬುದನ್ನು ನೆನೆದರೆ ಮೈ ನವಿರೇಳುತ್ತದೆ.

ಆ ಘೋಷಣೆ ಮೂರು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು: ಸಂಶೋಧನೆಯ ಸ್ವಾತಂತ್ರ್ಯ, ತರಗತಿಯಲ್ಲಿ ಬೋಧಿಸುವ ಸ್ವಾತಂತ್ರ್ಯ, ವಿಶ್ವವಿದ್ಯಾಲಯದ ಹೊರಗೆ ನಾಗರಿಕನಾಗಿ ಮಾತನಾಡುವ ಸ್ವಾತಂತ್ರ್ಯ. ಮೊದಲೆರಡರ ಕಲ್ಪನೆ ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಬಂದದ್ದು. ಅಧ್ಯಾಪಕನಿಗೂ ಆಡಳಿತ ಮಂಡಲಿಗೂ ಇರುವ ಸಂಬಂಧವನ್ನು ಅದು ನ್ಯಾಯಾಧೀಶನಿಗೂ ಅವನನ್ನು ನೇಮಿಸಿದ ಸರ್ಕಾರಕ್ಕೂ ಇರುವ ಸಂಬಂಧಕ್ಕೆ ಹೋಲಿಸಿತು. ನೇಮಿಸಿದ ಮಾತ್ರಕ್ಕೆ ತೀರ್ಪನ್ನು ಬರೆಸುವ ಹಕ್ಕು ಯಾರಿಗೂ ಬರುವುದಿಲ್ಲ. ಅದೇ ಘೋಷಣೆ ಅಧ್ಯಾಪಕರಿಗೆ ಕರ್ತವ್ಯಗಳನ್ನೂ ವಿಧಿಸಿತು. ಮಾತಿಗೆ ವಿದ್ವತ್ತಿನ ಆಧಾರವಿರಬೇಕು. ಎಳೆಯ ಮನಸ್ಸುಗಳ ಮೇಲೆ ತನ್ನ ಪಕ್ಷವನ್ನು ಹೇರಬಾರದು. ತಪ್ಪಿದವನನ್ನು ವಿಚಾರಿಸುವ ಹೊಣೆ ಸಹೋದ್ಯೋಗಿಗಳದು. ಹಕ್ಕನ್ನು ಮಾತ್ರ ಓದಿ ಕರ್ತವ್ಯದ ಪುಟವನ್ನು ಮಗುಚುವವರು ನಮ್ಮ ವೃತ್ತಿಯಲ್ಲಿಯೂ ಇಲ್ಲದಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಮಹಾಯುದ್ಧ ಈ ತತ್ತ್ವವನ್ನು ಪರೀಕ್ಷಿಸಿತು. 1917ರ ಅಕ್ಟೋಬರಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಯುದ್ಧನೀತಿಯನ್ನು ವಿರೋಧಿಸಿದ ಜೇಮ್ಸ್ ಕ್ಯಾಟೆಲ್ ಮತ್ತು ಹೆನ್ರಿ ಡೇನಾ ಅವರನ್ನು ವಜಾ ಮಾಡಿತು. ಇದಾದ ಒಂದು ವಾರದಲ್ಲಿ ಪ್ರಸಿದ್ಧ ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ರಾಜೀನಾಮೆ ಕೊಟ್ಟರು. ಬಿಯರ್ಡ್ ಸ್ವತಃ ಯುದ್ಧದ ಪರವಾಗಿದ್ದವರು. ವಜಾಗೊಂಡವರ ಅಭಿಪ್ರಾಯ ಅವರಿಗೆ ಒಪ್ಪಿಗೆಯಿರಲಿಲ್ಲ. ಆದರೂ ಅವರನ್ನು ಮೌನಗೊಳಿಸಿದ ಸಂಸ್ಥೆಯ ಅನ್ನ ಬೇಡವೆಂದರು. ಈ ಚರಿತ್ರೆಯಲ್ಲಿ ನಾನು ತಲೆಬಾಗುವ ವ್ಯಕ್ತಿಗಳಲ್ಲಿ ಅವರು ಮೊದಲಿಗರು.

ಪ್ರಮಾಣಪತ್ರದ ಕಾಲ

1940ರಲ್ಲಿ ಪ್ರಾಧ್ಯಾಪಕರ ಸಂಘವೂ ಕಾಲೇಜುಗಳ ಒಕ್ಕೂಟವೂ ಕೂಡಿ ಒಂದು ಹೇಳಿಕೆಯನ್ನು ಅಂಗೀಕರಿಸಿದವು. ನಾವೆಲ್ಲ ‘ಟೆನ್ಯೂರ್’ ಎಂದು ಕರೆಯುವ ಖಾಯಂ ಹುದ್ದೆಯ ಪದ್ಧತಿಗೆ ಅದೇ ಬುನಾದಿ. ಪರೀಕ್ಷಾವಧಿ ಹೆಚ್ಚೆಂದರೆ 7 ವರ್ಷ. ಆ ಬಳಿಕ ಸಕಾರಣವಿಲ್ಲದೆ, ವಿಚಾರಣೆಯಿಲ್ಲದೆ ಅಧ್ಯಾಪಕನನ್ನು ತೆಗೆಯುವಂತಿಲ್ಲ. ಟೆನ್ಯೂರನ್ನು ಸೋಮಾರಿಗಳ ಆಶ್ರಯವೆಂದು ಹಳಿಯುವವರುಂಟು. ಅಂಥವರನ್ನು ನಾನೂ ಕಂಡಿದ್ದೇನೆ. ಆದರೆ ಅದರ ಮೂಲ ಉದ್ದೇಶ ನೌಕರಿಯ ಭದ್ರತೆಯೊಂದೇ ಆಗಿರಲಿಲ್ಲ, ನಾಲಗೆಯ ಭದ್ರತೆಯೂ ಆಗಿತ್ತು.

ಕಾಗದದ ಮೇಲಿನ ಮಾತು ಭೀತಿಯ ಕಾಲದಲ್ಲಿ ಎಷ್ಟು ದುರ್ಬಲವೆಂಬುದು ಶೀತಲ ಸಮರದ ಆರಂಭದಲ್ಲಿಯೇ ಗೊತ್ತಾಯಿತು. 1949ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಲಿ, ತಾನು ಕಮ್ಯುನಿಸ್ಟನಲ್ಲವೆಂದು ಪ್ರತಿಯೊಬ್ಬ ಅಧ್ಯಾಪಕನೂ ಪ್ರಮಾಣ ಮಾಡಬೇಕೆಂದು ಆಜ್ಞಾಪಿಸಿತು. ಸಹಿ ಹಾಕಲು ಒಪ್ಪದ 31 ಅಧ್ಯಾಪಕರನ್ನು 1950ರ ಆಗಸ್ಟಿನಲ್ಲಿ ತೆಗೆದುಹಾಕಿತು. ಅವರಲ್ಲಿ ಯಾರ ಮೇಲೆಯೂ ಕಮ್ಯುನಿಸ್ಟನೆಂಬ ಆರೋಪವಿರಲಿಲ್ಲ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ ಮುಂದಾಳಾಗಿ ನ್ಯಾಯಾಲಯಕ್ಕೆ ಹೋದರು. 1952ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಮಧ್ಯಯುಗದ ಇತಿಹಾಸಕಾರ ಅರ್ನ್‌ಸ್ಟ್ ಕಾಂಟೊರೊವಿಚ್ ಕೂಡ ಸಹಿ ಹಾಕದವರಲ್ಲಿ ಒಬ್ಬರು. ತಾರುಣ್ಯದಲ್ಲಿ, 1919ರ ಜರ್ಮನಿಯಲ್ಲಿ, ಎಡಪಂಥೀಯ ಕ್ರಾಂತಿಕಾರರ ವಿರುದ್ಧ ಬಂದೂಕು ಹಿಡಿದಿದ್ದ ಆ ಯಹೂದಿ ವಿದ್ವಾಂಸರು, ಹಿಟ್ಲರನ ಆಳ್ವಿಕೆಯಿಂದ ಪಾರಾಗಿ ಬಂದಿದ್ದರು. ಕಮ್ಯುನಿಸಂ ಅವರಿಗೆ ಬೇಕಿರಲಿಲ್ಲ. ಆದರೆ ಹೊಟ್ಟೆಪಾಡನ್ನು ಮುಂದಿಟ್ಟು ಪ್ರಮಾಣ ಮಾಡಿಸುವ ಪ್ರಭುತ್ವದ ದಾರಿ ಎಲ್ಲಿಗೆ ಹೋಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ನ್ಯಾಯಾಲಯಗಳು ನಿಧಾನವಾಗಿ ಎಚ್ಚೆತ್ತವು. ಉಪನ್ಯಾಸವೊಂದರ ವಿಷಯವಾಗಿ ಪ್ರಶ್ನೆಗೊಳಗಾದ ಪಾಲ್ ಸ್ವೀಜಿ ಅವರ ಮೊಕದ್ದಮೆಯಲ್ಲಿ, 1957ರಲ್ಲಿ, ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕಾದ ನಾಲ್ಕು ಸಂಗತಿಗಳನ್ನು ಹೆಸರಿಸಿದರು: ಯಾರು ಕಲಿಸಬೇಕು, ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರನ್ನು ಸೇರಿಸಿಕೊಳ್ಳಬೇಕು. 1967ರಲ್ಲಿ ಬಫಲೋದ ಅಧ್ಯಾಪಕ ಹ್ಯಾರಿ ಕೀಶಿಯನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನ್ಯೂಯಾರ್ಕ್ ರಾಜ್ಯದ ನಿಷ್ಠಾ ಕಾನೂನುಗಳನ್ನು ರದ್ದುಪಡಿಸಿ, ಶೈಕ್ಷಣಿಕ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆಯೆಂದು ಸಾರಿತು. ಪರ 5, ವಿರುದ್ಧ 4; ಒಂದೇ ಒಂದು ಮತದ ಅಂತರ.

ನಾವು ಬಂದ ಕಾಲ

ನಮ್ಮ ಜನ ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರತೊಡಗಿದ್ದು 1965ರ ವಲಸೆ ಕಾನೂನಿನ ನಂತರ. ಅಂದರೆ ಅರ್ಧ ಶತಮಾನದ ಹೋರಾಟದ ಫಲ ಕೈಗೆ ಬಂದ ಹೊತ್ತಿನಲ್ಲಿ ನಾವು ಪಂಕ್ತಿಯಲ್ಲಿ ಬಂದು ಕುಳಿತೆವು. ಅಡುಗೆಮನೆಯ ಹೊಗೆ ನಮಗೆ ತಿಳಿಯದು.

ಎಂಜಿನಿಯರನಿಗೆ ಈ ಸ್ವಾತಂತ್ರ್ಯದ ಅಗತ್ಯವೇನೆಂದು ಕೇಳುವವರಿದ್ದಾರೆ. ನಾನು ಖಾಯಂ ಆಗಿ ಕೆಲವು ವರ್ಷಗಳಾಗಿದ್ದಾಗ ನನ್ನ ವಿದ್ಯಾರ್ಥಿಗಳೊಡನೆ ಒಂದು ಊರಿನ ಅಂತರ್ಜಲದ ಮಾಲಿನ್ಯವನ್ನು ಅಳೆದು ವರದಿ ಬರೆದೆ. ನಮ್ಮ ವಿಭಾಗಕ್ಕೆ ದೇಣಿಗೆ ಕೊಡುತ್ತಿದ್ದ ಒಂದು ಉದ್ಯಮಕ್ಕೆ ಅದು ಹಿಡಿಸಲಿಲ್ಲ. ವರದಿಯ ಭಾಷೆಯನ್ನು ಸ್ವಲ್ಪ ‘ಮೃದು’ ಮಾಡಬಹುದೇ ಎಂದು ಮೇಲಿನವರು ವಿನಯದಿಂದಲೇ ಕೇಳಿದರು. ಅಂಕಿಗಳು ಮೃದುವಾಗುವುದಿಲ್ಲ ಎಂದು ಅಷ್ಟೇ ವಿನಯದಿಂದ ಉತ್ತರಿಸಿದೆ. ಮುಂದೆ ಏನೂ ಆಗಲಿಲ್ಲ, ಆಗುವಂತಿರಲಿಲ್ಲ. ನನ್ನ ಧೈರ್ಯ ಅಲ್ಪವಾದದ್ದು. ಅದಕ್ಕೆ ಬೆನ್ನೆಲುಬಾಗಿ ನಿಂತದ್ದು 1940ರ ಆ ಹೇಳಿಕೆ.

ಇಂದಿನ ಸಂಕಟಗಳು

ಆ ಬೆನ್ನೆಲುಬು ಇಂದು ನಾಲ್ಕು ಕಡೆಯಿಂದ ಸವೆಯುತ್ತಿದೆ.

ಮೊದಲನೆಯದು ಸದ್ದಿಲ್ಲದ ಸವೆತ. ಪ್ರಾಧ್ಯಾಪಕರ ಸಂಘದ ಅಂಕಿ ಅಂಶಗಳಂತೆ 1987ರಲ್ಲಿ ಅಮೆರಿಕದ ಅಧ್ಯಾಪಕರಲ್ಲಿ ಸುಮಾರು ಶೇ. 39ರಷ್ಟು ಮಂದಿಗೆ ಪೂರ್ಣಾವಧಿಯ ಖಾಯಂ ಹುದ್ದೆಯಿತ್ತು. 2021ರ ವೇಳೆಗೆ ಅದು ಸುಮಾರು ಶೇ. 24ಕ್ಕೆ ಇಳಿಯಿತು. ಖಾಯಂ ಹುದ್ದೆಯ ದಾರಿಯಲ್ಲಿಯೇ ಇಲ್ಲದವರ ಪ್ರಮಾಣ ಶೇ. 47ರಿಂದ ಶೇ. 68ಕ್ಕೆ ಏರಿತು. ಕರ್ನಾಟಕದ ಸರ್ಕಾರಿ ಕಾಲೇಜುಗಳ ‘ಅತಿಥಿ ಉಪನ್ಯಾಸಕ’ರ ಪಾಡನ್ನು ಬಲ್ಲವರಿಗೆ ಇಲ್ಲಿನ ‘ಅಡ್ಜಂಕ್ಟ್’ ಅಧ್ಯಾಪಕರ ಸ್ಥಿತಿ ಸುಲಭವಾಗಿ ಅರ್ಥವಾದೀತು. ಇವರನ್ನು ಯಾರೂ ವಜಾ ಮಾಡಬೇಕಾಗಿಲ್ಲ, ಮುಂದಿನ ಸೆಮಿಸ್ಟರಿಗೆ ಕರೆಯದಿದ್ದರೆ ಸಾಕು. 2022ರಲ್ಲಿ ಮಿನ್ನೆಸೋಟದ ಹ್ಯಾಮ್ಲಿನ್ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಬೋಧಿಸುತ್ತಿದ್ದ ಅಂಥ ಒಬ್ಬ ಅಧ್ಯಾಪಕಿ, ಮುಂಚಿತವಾಗಿ ಎಚ್ಚರಿಕೆ ಕೊಟ್ಟೇ, ಪ್ರವಾದಿ ಮಹಮ್ಮದರನ್ನು ಚಿತ್ರಿಸಿದ 14ನೆಯ ಶತಮಾನದ ಪರ್ಷಿಯನ್ ಚಿತ್ರವೊಂದನ್ನು ತೋರಿಸಿದರು. ಆಕ್ಷೇಪ ಬಂದಿತು, ಅವರಿಗೆ ಮತ್ತೆ ಕರೆ ಬರಲಿಲ್ಲ. ಈ ಒತ್ತಡ ಬಲಪಂಥದಿಂದ ಮಾತ್ರ ಬರುವುದೆಂದೋ ಎಡಪಂಥದಿಂದ ಮಾತ್ರ ಬರುವುದೆಂದೋ ಭಾವಿಸುವವರು ಚರಿತ್ರೆಯ ಅರ್ಧವನ್ನಷ್ಟೇ ಓದಿದವರು.

ಎರಡನೆಯದು ರಾಜ್ಯಗಳ ಶಾಸನ. ಕಂಚಿನ ಫಲಕವಿರುವ ವಿಸ್ಕಾನ್ಸಿನ್ನಿನಲ್ಲಿಯೇ 2015ರಲ್ಲಿ ಟೆನ್ಯೂರಿನ ರಕ್ಷಣೆಯನ್ನು ರಾಜ್ಯದ ಕಾನೂನಿನಿಂದ ತೆಗೆದು ಆಡಳಿತ ಮಂಡಲಿಯ ಕೈಗೆ ಬಿಡಲಾಯಿತು. ಫ್ಲಾರಿಡಾ 2022ರಲ್ಲಿ ಜನಾಂಗ ಮತ್ತು ಲಿಂಗ ಕುರಿತ ಕೆಲವು ವಿಚಾರಗಳ ಬೋಧನೆಗೆ ಕಡಿವಾಣ ಹಾಕಿತು. ವಿಶ್ವವಿದ್ಯಾಲಯಗಳ ಮಟ್ಟಿಗೆ ಅದನ್ನು ಅದೇ ವರ್ಷ ಫೆಡರಲ್ ನ್ಯಾಯಾಲಯ ತಡೆಹಿಡಿಯಿತು. ಟೆಕ್ಸಸ್ 2023ರಲ್ಲಿ ಟೆನ್ಯೂರಿನ ನಿಯಮಗಳನ್ನು ತಿದ್ದಿತು, 2025ರಲ್ಲಿ ಅಧ್ಯಾಪಕರ ಸೆನೆಟ್ಟುಗಳ ಅಧಿಕಾರವನ್ನು ಮೊಟಕುಗೊಳಿಸಿತು.

ಮೂರನೆಯದು ಕೇಂದ್ರ ಸರ್ಕಾರದ ಅನುದಾನ. ಯಹೂದಿ ವಿದ್ಯಾರ್ಥಿಗಳಿಗೆ ರಕ್ಷಣೆ ಕೊಡಲಿಲ್ಲವೆಂಬ ಕಾರಣ ಮುಂದಿಟ್ಟು 2025ರ ಮಾರ್ಚಿನಲ್ಲಿ ಕೊಲಂಬಿಯಾದ 40 ಕೋಟಿ ಡಾಲರಿನ ಅನುದಾನವನ್ನು ರದ್ದುಪಡಿಸಲಾಯಿತು. ಜುಲೈ ತಿಂಗಳಲ್ಲಿ ಆ ವಿಶ್ವವಿದ್ಯಾಲಯ 20 ಕೋಟಿ ಡಾಲರಿಗೂ ಹೆಚ್ಚು ಹಣ ತೆರಲು ಒಪ್ಪಿ ಸಂಧಾನ ಮಾಡಿಕೊಂಡಿತು. ಏಪ್ರಿಲಿನಲ್ಲಿ ಹಾರ್ವರ್ಡ್ ಸರ್ಕಾರದ ಷರತ್ತುಗಳನ್ನು ನಿರಾಕರಿಸಿ, 220 ಕೋಟಿ ಡಾಲರಿನ ತಡೆಯನ್ನು ಎದುರಿಸಿತು. ಆ ತಡೆ ಕಾನೂನುಬಾಹಿರವೆಂದು ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಕ್ಯಾಂಪಸ್ಸಿನಲ್ಲಿ ಯಾವ ಸಮುದಾಯದ ವಿದ್ಯಾರ್ಥಿಯೂ ಭಯದಿಂದ ಬದುಕಬಾರದು. ಆ ಹೊಣೆಯಿಂದ ಯಾವ ವಿಶ್ವವಿದ್ಯಾಲಯವೂ ಜಾರಿಕೊಳ್ಳಬಾರದು. ಆದರೆ ಪಾಠಕ್ರಮವನ್ನೂ ನೇಮಕವನ್ನೂ ಅನುದಾನದ ತಕ್ಕಡಿಯಲ್ಲಿಟ್ಟು ತೂಗಿದರೆ ಆ ಭಯ ನೀಗುವುದಿಲ್ಲ, ಬೇರೆಯವರ ಹೆಗಲಿಗೆ ವರ್ಗಾವಣೆಯಾಗುತ್ತದೆ.

ನಾಲ್ಕನೆಯದು ನಮ್ಮ ಮನೆಬಾಗಿಲಿಗೇ ಬಂದಿರುವ ವೀಸಾದ ಸಂಕಟ. ಖಾಯಂ ಹುದ್ದೆಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ ಎಂಬ ಸ್ಥಿತಿಯಲ್ಲಿರುವ ಅಧ್ಯಾಪಕನಿಗೆ ಎರಡು ಬೀಗಗಳು. “ಸರ್, ಕಾರ್ಡು ಕೈಗೆ ಬರುವವರೆಗೆ ನಾನು ವಿಭಾಗದ ಸಭೆಯಲ್ಲಿ ಬಾಯಿ ಬಿಡುವುದಿಲ್ಲ,” ಎಂದು ಕನ್ನಡದ ತರುಣ ಅಧ್ಯಾಪಕರೊಬ್ಬರು ನನ್ನೊಡನೆ ಹೇಳಿಕೊಂಡಿದ್ದರು. ಭಾರತದಲ್ಲಿ ಹುಟ್ಟಿದವರಿಗೆ ಆ ಕಾಯುವಿಕೆ ಎಷ್ಟು ದೀರ್ಘವೆಂಬುದು ಈ ಸಂಚಿಕೆಯ ಓದುಗರಿಗೆ ಗೊತ್ತು. 2025ರ ಮಾರ್ಚಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾರತೀಯ ಸಂಶೋಧಕರೊಬ್ಬರನ್ನು ಯಾವ ಅಪರಾಧದ ಆರೋಪವನ್ನೂ ಹೊರಿಸದೆ ಬಂಧಿಸಲಾಯಿತು. ನ್ಯಾಯಾಲಯದ ಆದೇಶದಿಂದ ಅವರು ಬಿಡುಗಡೆಯಾದದ್ದು ಮೇ ತಿಂಗಳಲ್ಲಿ.

ನಮ್ಮ ನೆಲದ ಸಾಕ್ಷಿ

ಇದೆಲ್ಲ ಅಮೆರಿಕದ ಜಗಳ, ನಮಗೇಕೆ ಎನ್ನುವವರಿಗೆ ನಮ್ಮ ನೆಲದ ಕೆಲವು ಸಂಗತಿಗಳನ್ನು ನೆನಪಿಸಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಡಾ. ಎಸ್. ರಾಧಾಕೃಷ್ಣನ್ ಅವರನ್ನು 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡವರು ಸರ್ ಅಶುತೋಷ್ ಮುಖರ್ಜಿ. ಮೈಸೂರಿನ ವಿದ್ಯಾರ್ಥಿಗಳು ಗುರುಗಳ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆತಂದ ಕಥೆ ನಮ್ಮೆಲ್ಲರಿಗೂ ತಿಳಿದದ್ದೇ. ಮರುವರ್ಷ, 1922ರಲ್ಲಿ, ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಬಂಗಾಳ ಸರ್ಕಾರ ಷರತ್ತುಗಳೊಡನೆ 2.5 ಲಕ್ಷ ರೂಪಾಯಿ ಕೊಡಮಾಡಿದಾಗ ಅಶುತೋಷ್ ಮುಖರ್ಜಿ ಅದನ್ನು ತಿರಸ್ಕರಿಸಿದರು. ಗುಲಾಮಗಿರಿಯ ಬೆಲೆಯಾಗಿ ಬರುವ ಹಣ ಬೇಡವೆಂದು ಸೆನೆಟ್ಟಿನಲ್ಲಿ ಗುಡುಗಿದರು. ಹಾರ್ವರ್ಡಿನ ಪ್ರಸಂಗವನ್ನು ಓದುವಾಗ ನನಗೆ ನೆನಪಾದದ್ದು ಅದೇ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವೂ (1948-49) ಸರ್ಕಾರ ಹಣ ಕೊಡುವುದು ಬೇರೆ, ವಿದ್ಯಾವಿಷಯದಲ್ಲಿ ಹಿಡಿತ ಸಾಧಿಸುವುದು ಬೇರೆ ಎಂದು ಸ್ಪಷ್ಟಪಡಿಸಿತು.

ಅನಂತರದ ನಮ್ಮ ಇತಿಹಾಸ ಅಷ್ಟು ಹೆಮ್ಮೆಯದಾಗಿ ಉಳಿಯಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ನೆಲೆಸಿದ ಎ. ಕೆ. ರಾಮಾನುಜನ್, ಕನ್ನಡದ ಜನಪದ ರಾಮಾಯಣವನ್ನೂ ಒಳಗೊಂಡಂತೆ ರಾಮಕಥೆಯ ನಾನಾ ರೂಪಗಳನ್ನು ಕುರಿತು ಬರೆದ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದುಹಾಕಿತು. ವಿಚಾರಣೆಗಾಗಿ ನೇಮಕಗೊಂಡಿದ್ದ ನಾಲ್ವರು ತಜ್ಞರಲ್ಲಿ ಮೂವರು ಅದನ್ನು ಉಳಿಸಬೇಕೆಂದಿದ್ದರು. ಡಾ. ಎಂ. ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಸಂಶೋಧನೆಯ ಕೆಲವು ನಿರ್ಣಯಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಶಾಸನಗಳನ್ನೂ ವಚನಗಳನ್ನೂ ಬಾಳಿನುದ್ದಕ್ಕೂ ಕೇರಿ ನೋಡಿದ ವಿದ್ವಾಂಸರಿಗೆ ಕನ್ನಡ ನಾಡು ಕೊಟ್ಟದ್ದು ಆ ರಕ್ಷಣೆ.

ನಮ್ಮ ಪಾಲಿನ ಋಣ

ನಾವೀಗ ಕೇವಲ ಅಧ್ಯಾಪಕರಾಗಿ ಉಳಿದಿಲ್ಲ, ದಾನಿಗಳೂ ಆಗಿದ್ದೇವೆ. ಕನ್ನಡದ ಬೋಧನೆಗೆ, ಭಾರತೀಯ ಅಧ್ಯಯನಕ್ಕೆ ಪೀಠಗಳು ಬೇಕೆಂದು ಪ್ರತಿ ಸಮ್ಮೇಳನದಲ್ಲಿಯೂ ಮಾತು ಏಳುತ್ತದೆ, ಏಳಬೇಕು. ಆದರೆ ಚೆಕ್ಕಿಗೆ ಸಹಿ ಹಾಕುವ ಮುನ್ನ ಜೇನ್ ಸ್ಟ್ಯಾನ್‌ಫರ್ಡ್ ಅವರನ್ನು ಒಮ್ಮೆ ನೆನೆಯುವುದು ಒಳ್ಳೆಯದು. 2016ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್, ಭಾರತೀಯ ಮೂಲದವರ ಪ್ರತಿಷ್ಠಾನವೊಂದರ ಮೂಲಕ ಬರಲಿದ್ದ ಪೀಠಗಳ ದೇಣಿಗೆಯನ್ನು, ನೇಮಕದಲ್ಲಿ ದಾನಿಗಳ ಕೈ ಸೇರೀತೆಂಬ ಆಕ್ಷೇಪ ಎದ್ದ ಮೇಲೆ ನಿರಾಕರಿಸಿತು. ಅದೇ ವರ್ಷ ಇನ್ನೊಂದು ಪ್ರಸಂಗವೂ ನಡೆಯಿತು. ನಮ್ಮವರೇ ಆದ ರೋಹನ್ ಮೂರ್ತಿಯವರು 52 ಲಕ್ಷ ಡಾಲರು ಕೊಟ್ಟು ಹಾರ್ವರ್ಡಿನಲ್ಲಿ ಸ್ಥಾಪಿಸಿದ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪ್ರಧಾನ ಸಂಪಾದಕ ಸ್ಥಾನದಿಂದ ಷೆಲ್ಡನ್ ಪೊಲಾಕ್ ಅವರನ್ನು ತೆಗೆಯಬೇಕೆಂದು ಭಾರತದ 132 ಮಂದಿ ವಿದ್ವಾಂಸರು ಮನವಿ ಸಲ್ಲಿಸಿದರು. ಮೂರ್ತಿಯವರು ಒಪ್ಪಲಿಲ್ಲ. ಅದೇ ಮಾಲೆಯಲ್ಲಿ 2017ರಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ಹೊರಬಂತು. ಮನವಿ ಕೊಟ್ಟವರಿಗೂ ಟೀಕಿಸುವ ಹಕ್ಕಿದೆ. ಪೊಲಾಕ್ ಅವರ ವಿದ್ವತ್ತನ್ನು ಪುಸ್ತಕ ಬರೆದು ಖಂಡಿಸಲಿ. ಕೊಟ್ಟ ಹಣವನ್ನು ಕಡಿವಾಣವಾಗಿ ಬಳಸದೆ ಇದ್ದ ದಾನಿಯೊಬ್ಬರು ನಮ್ಮಲ್ಲಿದ್ದಾರೆಂಬುದು ನನಗೆ ಅಭಿಮಾನದ ವಿಷಯ.

ಈ ಬರಹವನ್ನು ಮುಗಿಸುವ ಮೊದಲು ಇನ್ನೊಂದು ಸಂಗತಿ. 2025ರ ಮಾರ್ಚಿನಲ್ಲಿ, ಪೌರತ್ವವಿಲ್ಲದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಅವರ ಮಾತಿಗಾಗಿ ಬಂಧಿಸಿ ಹೊರದೂಡುವ ನೀತಿಯನ್ನು ಪ್ರಶ್ನಿಸಿ ಪ್ರಾಧ್ಯಾಪಕರ ಸಂಘ ಮತ್ತು ಇತರರು ನ್ಯಾಯಾಲಯಕ್ಕೆ ಹೋದರು. ಈ ದೇಶದಲ್ಲಿ ಕಾನೂನುಬದ್ಧವಾಗಿರುವ ಪೌರರಲ್ಲದವರಿಗೂ ವಾಕ್‌ಸ್ವಾತಂತ್ರ್ಯದ ಹಕ್ಕು ಪೌರರಷ್ಟೇ ಇದೆಯೆಂದು ಸೆಪ್ಟೆಂಬರ್ 30ರಂದು ನ್ಯಾಯಾಧೀಶ ವಿಲಿಯಂ ಯಂಗ್ ತೀರ್ಪಿತ್ತರು. ಏಷ್ಯಾದವರು ಇಲ್ಲಿಗೆ ಬರಬಾರದೆಂದ ಪ್ರಾಧ್ಯಾಪಕರೊಬ್ಬರ ವಜಾ ಪ್ರಕರಣ ಬಿತ್ತಿದ ಎಚ್ಚರದಿಂದ ಹುಟ್ಟಿದ ಸಂಘ, 110 ವರ್ಷಗಳ ನಂತರ, ಏಷ್ಯಾದಿಂದ ಬಂದ ನಮ್ಮ ಮಕ್ಕಳ ಪರವಾಗಿಯೂ ನಿಂತಿತು. ತನಗೆ ಒಪ್ಪಿಗೆಯಾದವರಿಗೆ ಮಾತ್ರ ಎಂದು ಅದು ಅಂದೇ ಗೆರೆ ಎಳೆದಿದ್ದರೆ ಇಂದು ನಮ್ಮ ಪಾಲಿಗೆ ಯಾವ ರಕ್ಷಣೆಯೂ ಉಳಿದಿರುತ್ತಿರಲಿಲ್ಲ.

ಆ ಋಣವನ್ನು ತೀರಿಸುವ ಬಗೆ ಕಷ್ಟದ್ದೇನೂ ಅಲ್ಲ. ನಮಗೆ ಹಿಡಿಸದ ವಿದ್ವಾಂಸರ ಮಾತಿಗೆ ಮಾತಿನಿಂದಲೇ ಉತ್ತರ ಕೊಡೋಣ. ಪೀಠ ಸ್ಥಾಪಿಸುವಾಗ ಹಣವನ್ನು ಕೊಟ್ಟು ನೇಮಕವನ್ನು ವಿದ್ವಾಂಸರಿಗೇ ಬಿಡೋಣ. ಖಾಯಂ ಹುದ್ದೆಯಲ್ಲಿರುವ ನಮ್ಮ ಹಿರಿಯರು, ಬಾಯಿ ತೆರೆಯಲಾಗದ ಕಿರಿಯರ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲಲಿ. ದಾಸೋಹವನ್ನು ಬಲ್ಲ ನಾಡಿನಿಂದ ಬಂದವರು ನಾವು. ಕೊಟ್ಟೆನೆಂಬ ಅಹಂಕಾರವಿಲ್ಲದೆ, ಪಡೆದವನಿಗೆ ಹಂಗಿಲ್ಲದೆ ಕೊಡುವುದು ಹೇಗೆಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.